ಬೆನ್ನು ನೋಡಿ ಹೇಳಿದ ಮಾತು

ಗುರುಪ್ರಸಾದ,

ಈ ಕಾಗದ ಕಳಿಸುವ ಧೈರ್ಯ ನನಗಿಲ್ಲ. ಇವತ್ತು ಕಲಬುರಗಿ ಕೋರ್ಟಿನಲ್ಲಿ ನಿನ್ನನ್ನು ಕಳವಿನ ಕೇಸಿನಿಂದ ಬಿಟ್ಟಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ನೀನು ತಿರುಗಿ ನೋಡಲಿಲ್ಲ.

ಹೊರಗೆ ನಿನ್ನ ವಕೀಲರಾದ ವಿದ್ಯಾವತಿ ಮೇಡಂ ಅವರನ್ನು, "ಖುಲಾಸೆ ಆತೇನ್ರೀ?" ಎಂದು ಕೇಳಿದೆ.

"ಖುಲಾಸೆ ಅಲ್ರೀ, ಡಿಸ್ಚಾರ್ಜ್. ಸಾಕ್ಷಿ ವಿಚಾರಿಸಿ, ತಪ್ಪಿಲ್ಲ ಅಂತ ತೀರ್ಪು ಕೊಟ್ರ ಖುಲಾಸೆ. ಇಲ್ಲಿ ವಿಚಾರಣೆನೇ ಸುರು ಆಗಿಲ್ಲ. ಬರೇ ಬೆನ್ನು ನೋಡೀನಿ ಅನ್ನೋ ಹೇಳಿಕೆ ಸಾಲಂಗಿಲ್ಲ ಅಂತ ಬಿಟ್ಟಾರ. ಹೊಸ ಪುರಾವೆ ಸಿಕ್ರ ಮತ್ತ ಕರೀಬಹುದು."

ಆ ಹೇಳಿಕೆ ನನ್ನದು. ನೆಹರು ಗಂಜಿನ ಮಾರುಕಟ್ಟೆಯಲ್ಲಿ ಹನ್ನೊಂದು ವರ್ಷ ತೊಗರಿ ಚೀಲ ಹೊತ್ತು ನಿನ್ನ ಹಿಂದೆ ನಡೆದವನು ನಾನು. ಹಮಾಲರಿಗೆ ಮುಂದಿನವನ ಮುಖ ಕಾಣುವುದಿಲ್ಲ, ಬೆನ್ನೇ ಗುರುತು. ಗೋದಾಮಿನಲ್ಲಿ ಕಳವಾದ ದಿನ ಗೋಡೆ ಹಾರಿದವನ ಬೆನ್ನು ನಿನ್ನದೇ ಎಂದು ಪೊಲೀಸರಿಗೆ ಹೇಳಿಬಿಟ್ಟೆ. ಆಮೇಲೆ, ಅದು ನೀನು ಹೌದೋ ಅಲ್ಲವೋ ಎಂದು ಅನುಮಾನ ಬಂತು. ಕಟಕಟೆಗೆ ಕರೆದಾಗ ಹೇಳಿದರಾಯಿತು ಎಂದು ಎರಡು ವರ್ಷ ಕಾದೆ. ಇನ್ನು ನನ್ನನ್ನು ಯಾರೂ ಕರೆಯುವುದಿಲ್ಲ.

ನಿನಗೇ ಹೇಳೋಣವೆಂದು ಸಂಜೆ ನಿಮ್ಮೂರು ಕಮಲಾಪುರದಲ್ಲಿ ಬಸ್ಸಿಳಿದೆ. ಸಂತೆಯಲ್ಲಿ ನಿಮ್ಮವ್ವ ಕಸ್ತೂರಿಬಾಯಿ ಕಂಡವರಿಗೆಲ್ಲ ಕೆಂಪು ಬಾಳೆಹಣ್ಣು ಹಂಚುತ್ತಿದ್ದಳು.

"ನಮ್ಮ ಗುರು ಖುಲಾಸೆ ಆಗ್ಯಾನೋ ಅಣವೀರಾ! ನೀ ಅವನ ದೋಸ್ತ, ಮೊದಲ ನೀ ತಿನ್ನು," ಎಂದು ಸುಲಿದು ಕೊಟ್ಟಳು.

ತಿಂದೆ. ನಿಮ್ಮ ಮನೆ ತನಕ ಬರಲಾಗಲಿಲ್ಲ.

ಚಾರ್ಜ್‌ಶೀಟಿನ ನಕಲು ಎರಡು ವರ್ಷದಿಂದ ನಿನ್ನ ಹತ್ತಿರವೇ ಇದೆ. ಅದರಲ್ಲಿ ನೋಡಿದ ಸಾಕ್ಷಿ ಎಂದು ಇರುವುದು ನನ್ನ ಹೆಸರೊಂದೇ. ನಿಮ್ಮವ್ವನಿಗೆ ನೀನು ಹೇಳಿಯೇ ಇಲ್ಲ.