ಬಾಗಿಲಿಲ್ಲದ ಕಕ್ಕಸು

ಇವರಿಗೆ,

ಅಣ್ಣ ಬಂದಿದ್ದಾನೆ. ಹನ್ನೊಂದರ ಬಸ್ಸಿಗೆ ಅವನ ಜೊತೆ ತೀರ್ಥಹಳ್ಳಿಗೆ, ತವರಿಗೆ ಹೋಗುತ್ತಿದ್ದೇನೆ. ಒಲೆಯ ಮೇಲೆ ಸಾರಿದೆ, ಬಿಸಿ ಮಾಡಿಕೊಳ್ಳಿ.

ಮಾಸ್ತಿಕಟ್ಟೆಯಿಂದ ಈ ವಾರವೂ ಸೋನಾಮುಖಿ ಪುಡಿ ತಂದಿದ್ದರೆ ಗೂಡಿನಲ್ಲಿಡಿ. ನನಗೆ ಬೇಡ. ನನ್ನ ಹೊಟ್ಟೆ ಕಟ್ಟಿರುವುದು ರೋಗದಿಂದಲ್ಲ ಅಂತ ಎಷ್ಟು ಸಲ ಹೇಳಲಿ? ಡ್ಯಾಮಿನ ರಸ್ತೆಗೆಂದು ಹಿತ್ತಲ ಗುಡ್ಡದ ಪೊದೆಯನ್ನೆಲ್ಲ ಕಡಿದ ಮೇಲೆ ಹೆಂಗಸರಿಗೆ ಮರೆಯೇ ಇಲ್ಲ. ಬೆಳಕು ಹರಿಯುವ ಮೊದಲೇ ಲಾರಿಗಳ ಓಡಾಟ ಶುರುವಾಗುತ್ತದೆ. ಪುಡಿ ಕುಡಿದರೆ ನಡುಹಗಲಲ್ಲಿ ಅವಸರವಾಗುತ್ತದೆ, ಆಗ ಎಲ್ಲಿಗೆ ಓಡಲಿ? ಅದಕ್ಕೇ ರಾತ್ರಿಯೂಟ ಬಿಟ್ಟೆ. ಯಾಕೆ ಅಂತ ನೀವು ಕೇಳಲಿಲ್ಲ. ನಿಮಗೇನು, ವಾರವಿಡೀ ಇರುವ ಮಾಸ್ತಿಕಟ್ಟೆ ಕಾಲೊನಿಯ ಕ್ವಾರ್ಟರ್ಸಿನಲ್ಲಿ ಎಲ್ಲ ಇದೆ.

ಇಲ್ಲಿ ಕಕ್ಕಸಿನ ಗೋಡೆ ಎದ್ದು ವರ್ಷವಾಯಿತು. ಬಾಗಿಲಿಗೆಂದು ಇಟ್ಟಿದ್ದ ಹಲಗೆ ಕೊಟ್ಟಿಗೆಗೆ ಹೋಯಿತು. ಈ ಮನೆಯಲ್ಲಿ ದನಕ್ಕೆ ಬಾಗಿಲಿದೆ. ನೀವು ಇನ್ನು ಹಾಕಿಸುತ್ತೀರಿ ಅನ್ನುವ ನಂಬಿಕೆ ನನಗಿಲ್ಲ.

ಅತ್ತೆಮ್ಮನಿಗೆ ಏನೂ ಅನ್ನಬೇಡಿ. ಮೊನ್ನೆ ಹೊಟ್ಟೆ ಕಟ್ಟಿದ್ದಕ್ಕೆಂದು ನನಗೆ ಕಷಾಯ ಕೊಟ್ಟು, ತಾವೂ ಒಂದು ಲೋಟ ಕುಡಿದರು. "ಮದ್ವೆಯಾಗಿ ಬಂದಾಗಿಂದ ಕುಡೀತಿದೀನಿ ಕಣೇ, ನೀನೂ ತಡ್ಕೊಳ್ಳೋದು ಕಲ್ತ್ಕೋ" ಅಂದರು.

ಆ ಮಾತು ಕೇಳಿಯೇ ಅಣ್ಣನಿಗೆ ಹೇಳಿ ಕಳಿಸಿದ್ದು. ಅಷ್ಟು ವರ್ಷ ತಡೆದುಕೊಳ್ಳಲು ನನ್ನಿಂದಾಗದು. ಎಂದಾದರೂ ಬಾಗಿಲು ಹಾಕಿಸಿದರೆ, ಮೊದಲು ನಿಮ್ಮಮ್ಮನನ್ನು ಒಳಗೆ ಕಳಿಸಿ.

ತುಂಗ