ಅತ್ತೆಯ ತಂಗಿಯ ಡಿವಿಡಿ

ಮಾರ್ಚ್ ೧೪, ಗುರುವಾರ

ಮೂರು ದಿನ ಅತ್ತೆಯ ಕಿವಿಯನ್ನು ದೂರಿದೆ. ತಪ್ಪು ನಾನು ಮಾಡಿದ ಡಿವಿಡಿಯದು.

ಅವರ ತಂಗಿ, ನಮ್ಮ ಚಿಕ್ಕತ್ತೆ, ಅರ್ಧ ಗಂಟೆ ಮಾತಾಡಿ ಫೋನಿನಲ್ಲಿ ಕಳಿಸಿದ ವಿಡಿಯೊ. ಪುಟ್ಟ ಪರದೆ ಅತ್ತೆಗೆ ಕಾಣದು; ಟಿವಿಯಲ್ಲಿ ನೋಡಲಿ ಎಂದು ಡಿವಿಡಿಗೆ ಹಾಕಿಕೊಟ್ಟೆ. "ಏನೂ ತಿಳೀತಿಲ್ಲ ಕಣೇ" ಅಂದಾಗಲೆಲ್ಲ ಸೌಂಡು ಏರಿಸಿದೆ. ನಾನು ಪರೀಕ್ಷೆ ಮಾಡಿದ್ದು ತರಕಾರಿ ಹೆಚ್ಚುತ್ತ, ಬರೀ ಕೇಳಿಸಿಕೊಂಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇವತ್ತು ಅತ್ತೆಯ ಪಕ್ಕ ಕೂತು ನೋಡಿದೆ. ಚಿಕ್ಕತ್ತೆಯ ತುಟಿ ಮುಂದೆ, ಮಾತು ಹಿಂದೆ. ಕೊನೆಯ ಹೊತ್ತಿಗೆ ಮೂರು ಸೆಕೆಂಡಿನ ಅಂತರ. ಅತ್ತೆ ಅರ್ಧ ಮಾತು ಕೇಳುವುದೇ ತುಟಿ ನೋಡಿ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗದು ಹೊಳೆಯಲಿಲ್ಲವಲ್ಲ!

ಫೋನಿನ ವಿಡಿಯೊದ ವೇಗ ಒಂದೇ ಸಮ ಇರುವುದಿಲ್ಲವಂತೆ; ಡಿವಿಡಿಗೆ ಹಾಕಿದಾಗ ಮಾತು ಹಿಂದೆ ಬೀಳುವುದು ಅದಕ್ಕೇ. ಮೊದಲು ಅದನ್ನು ಸಮ ಮಾಡಿಕೊಂಡು, ಹೊಸ ಡಿಸ್ಕ್ ಮಾಡಿದೆ.

ಸಂಜೆ ಟಿವಿಯಲ್ಲಿ ಚಿಕ್ಕತ್ತೆ, "ಅಪ್ಪನ ಕನ್ನಡಕ ಮುರಿದದ್ದು ನೀನೇ ಅಲ್ವೇನೇ ಅಕ್ಕ?" ಅಂದದ್ದೇ ತಡ, ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು.

"ಸುಳ್ಳುಬುರುಕಿ! ಅದರ ಮೇಲೆ ಕೂತದ್ದು ನೀನು!"

ಆಮೇಲೆ ನನ್ನತ್ತ ತಿರುಗಿ, "ಸ್ವಲ್ಪ ಸೌಂಡು ಕಮ್ಮಿ ಮಾಡು. ನಾನೇನು ಕಿವುಡಿಯಾ?"

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಕ್ಷಮೆ ಕೇಳಬೇಕೆಂದಿದ್ದೆ, ಅವರು ಬಿಡುವೇ ಕೊಡಲಿಲ್ಲ. ಈಗಲೂ ಅವರ ಕೋಣೆಯಿಂದ ಒಬ್ಬರೇ ಕಿಸಕ್ಕೆಂದು ನಗುವುದು ಕೇಳುತ್ತಿದೆ. ನಾಳೆ ಅವರ ಉತ್ತರವನ್ನೂ ವಿಡಿಯೊ ಮಾಡಬೇಕಂತೆ. ಹಲ್ಲುಸೆಟ್ಟು ಹಾಕಿಕೊಂಡೇ ಮಾತಾಡುತ್ತಾರಂತೆ, ತುಟಿ ಸರಿಯಾಗಿ ಕಾಣಲಿ ಅಂತ. ಕನ್ನಡಕದ ವಿಷಯ ಮೊದಲು, ಆಮೇಲೆ ಉಳಿದ ಹಳೇ ಲೆಕ್ಕಗಳೆಲ್ಲ ಅಂತೆ.