ಆಳಕ್ಕಿಳಿದ ಗುಂಡು

ಬಿಟರ್‌ರೂಟ್ ಕಣಿವೆ, ಮೊಂಟಾನಾ
27 ಆಗಸ್ಟ್ 1978

ಪ್ರೀತಿಯ ತಮ್ಮ ಲೈಲ್,

ನಿನ್ನ ಕಾಗದ ಬಂದು ಮೂರು ವಾರವಾಯಿತು, ಬೈಯಬೇಡ. ಮಗಳು ಲೋರ್ನಾ ದನ ಹೊಡೆದುಕೊಂಡು ಬೆಟ್ಟಕ್ಕೆ ಹೋಗುತ್ತಾಳೆ, ಅಲ್ಲಿ ಕರಡಿ ಕಾಟ, ಅವಳ ರಿವಾಲ್ವರಿಗೆ ಐವತ್ತು ತೋಟಾ ತುಂಬಿಕೊಡು ಎಂದು ನೀನು ಬರೆದಿದ್ದೆ. ತುಂಬಲು ಕೂತರೆ ಕೆಲಸ ಸರಿಹೋಗಲಿಲ್ಲ.

ತೋಟಾದ ಹಿತ್ತಾಳೆ ಕೋಶದೊಳಗೆ ಸೀಸದ ಗುಂಡು ಒಂದೇ ಆಳಕ್ಕೆ ಕೂರಬೇಕು ತಾನೆ? ಮೊದಲ ಹತ್ತು ಕೂತವು. ಮುಂದಿನವು ಒಂದಕ್ಕಿಂತ ಒಂದು ಒಳಗಿಳಿದವು. ಹಾಗೆ ಇಳಿದರೆ ಮದ್ದಿಗೆ ಜಾಗ ಸಾಲದೆ ಒತ್ತಡ ಏರಿ ಬಂದೂಕೇ ಸಿಡಿಯುತ್ತದೆ, ನಿನಗೆ ಗೊತ್ತು. ಪ್ರೆಸ್ಸಿನಲ್ಲಿ ಗುಂಡು ಒತ್ತಿ ಕೂರಿಸುವ ಅಚ್ಚಿನ ತಿರುಪು ಬಿಗಿ ಮಾಡಿದೆ. ಕೋಶಗಳ ಉದ್ದ ಅಳೆದೆ. ಪ್ರೆಸ್ಸಿಗೆ ಬೈದೆ. ನನ್ನ ಹೆಂಡತಿ ಫರ್ನ್ ಬಾಗಿಲಲ್ಲಿ ನಿಂತು, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಮೊದ್ಲು ಕನ್ನಡಕ ಒರೆಸ್ಕೋ ಮುದುಕಪ್ಪಾ!" ಎಂದಳು.

ಕೊನೆಗೆ ಅಚ್ಚು ಬಿಚ್ಚಿದೆ. ಗುಂಡಿಗೆ ಸವರುವ ಮೇಣ ಒಳಗೆ ಮೆತ್ತಿಕೊಂಡು ಕಲ್ಲಾಗಿತ್ತು. ಗುಂಡನ್ನು ಕೆಳಕ್ಕೆ ತಳ್ಳುತ್ತಿದ್ದುದು ಅದೇ. ಸೀಮೆಎಣ್ಣೆಯಲ್ಲಿ ತೊಳೆದೆ, ಸರಿಹೋಯಿತು. ಆದರೂ ತೋಟಾ ಕಳಿಸಲು ಕೈ ಬರಲಿಲ್ಲ. ನನಗೆ ಹೆದರಿಕೆಯಾಗಿದೆ, ಲೈಲ್.

ರಾಯ್ಸ್ ಹೇಗಿದ್ದಾನೆ? ನಾಲ್ಕು ವರ್ಷದ ಹಿಂದೆ ನಿನ್ನ ಮಗನ ಕೈಯಲ್ಲಿ ರಿವಾಲ್ವರ್ ಸಿಡಿದು ಮೂರು ಬೆರಳು ಹೋದವು. ನಳಿಗೆಯಲ್ಲಿ ಹಳ್ಳದ ಮಣ್ಣು ಕಟ್ಟಿದ್ದಕ್ಕೇ ಸಿಡಿಯಿತೆಂದು ಅವನನ್ನು ಇಂದಿಗೂ ಹಂಗಿಸುತ್ತೀ. ಈಸ್ಟರ್ ಊಟದಲ್ಲಿ ಅವನು, "ನಳಿಗೆ ಒರೆಸಿದ್ದೆ ಅಪ್ಪಾ, ಆಣೆಗೂ ಒರೆಸಿದ್ದೆ" ಎಂದ. ನೀನು, "ಬೆರಳು ಹೋದ್ರೂ ಸುಳ್ಳು ಹೋಗ್ಲಿಲ್ಲ ನೋಡು" ಎಂದೆ. ಅವನು ತಟ್ಟೆ ಬಿಟ್ಟು ಎದ್ದುಹೋದ. ನಾನು ತಲೆ ತಗ್ಗಿಸಿ ಮಾಂಸ ಕೊಯ್ಯುತ್ತಿದ್ದೆ.

ಪರರು ತುಂಬಿದ ತೋಟಾ ಹಾರಿಸಬಾರದು ಎಂದು ನಮಗೆ ಅಪ್ಪ ಕಲಿಸಿದ್ದರು. ಅಣ್ಣ ಪರನಲ್ಲವೆಂದು ನೀವು ನನ್ನದನ್ನು ಹಾರಿಸಿದಿರಿ. ಲೋರ್ನಾಗೆ ಅಂಗಡಿಯದೇ ಕೊಡಿಸು. ನನ್ನ ಹಳೆಯ ಡಬ್ಬಿಗಳಿದ್ದರೆ ಒಂದನ್ನೂ ಮುಟ್ಟಬೇಡಿ. ಆ ಹುಡುಗಿಯನ್ನು ದೇವರು ಕಾಯಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಣ್ಣ,
ಆರ್ವಲ್

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು. ರಾಯ್ಸ್‌ನನ್ನು ಆಸ್ಪತ್ರೆಗೆ ಒಯ್ದ ದಿನವೇ ಅವನ ಡಬ್ಬಿಯಲ್ಲಿ ಉಳಿದಿದ್ದ ತೋಟಾಗಳನ್ನು ಅಳೆದಿದ್ದೆ. ನಾನು ತುಂಬಿದವು. ಏಳರಲ್ಲಿ ಗುಂಡು ತೀರ ಒಳಗಿಳಿದಿತ್ತು. ಅವನ್ನು ನದಿಗೆಸೆದು ಬಂದು, ನಳಿಗೆಯಲ್ಲಿ ಮಣ್ಣಿತ್ತೆಂದು ನಿನಗೆ ಮೊದಲು ಹೇಳಿದವನು ನಾನೇ. ಇದೆಲ್ಲವನ್ನೂ ಸೋಮವಾರವೇ ಅವನಿಗೆ ಬರೆದು ಹಾಕಿದ್ದೇನೆ. ಅವನು ಇಲ್ಲಿಗೆ ಹೊರಟರೆ ತಡೆಯಬೇಡ.